ಜಯಂತಿಯೊಳಗೆ

ವಿಶ್ವೇಶ್ವರಯ್ಯನವರ ಮೇಣದಬತ್ತಿಯ ಕಥೆ ಬಂದೇ ಬರುತ್ತದೆಂದು ಶಶಿರೇಖಾಗೆ ಗೊತ್ತಿತ್ತು, ಬಂತು. ಸರ್ಕಾರದ ಕೆಲಸ ಮಾಡುವಾಗ ಸರ್ಕಾರದ ಬತ್ತಿ, ಸ್ವಂತದ ಕಾಗದ ಬರೆಯುವಾಗ ಸ್ವಂತದ ಬತ್ತಿ. ತರಬೇತಿ ಕೊಡಲು ಬಂದಿದ್ದ ಜಯಪ್ರಕಾಶ್ ಗಾಳಿಯಲ್ಲಿ ಒಂದನ್ನು ಊದಿ ಆರಿಸಿ, ಇನ್ನೊಂದನ್ನು ಹಚ್ಚುವಂತೆ ಕೈಮಾಡಿ ತೋರಿಸಿ, ಮುಂದಿನ ಸಾಲಿನವರು ತಲೆದೂಗುವ ತನಕ ಸುಮ್ಮನೆ ನಿಂತರು. ಇದೇ ಕಥೆಯನ್ನು ಅವಳು ಹಿಂದೊಂದು ತರಬೇತಿಯಲ್ಲಿ ಚಾಣಕ್ಯನದಾಗಿ ಕೇಳಿದ್ದಳು. ಬತ್ತಿ ಅದೇ, ಊದುವ ಬಾಯಿ ಮಾತ್ರ ಬೇರೆ. ಜಯಪ್ರಕಾಶ್ ಕೆಟ್ಟವರೇನಲ್ಲ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಇಂಜಿನಿಯರು, ಮಂಡ್ಯದ ಸುತ್ತ ಜಮೀನುಳ್ಳ ಮನೆತನ, ಯಾರನ್ನೂ ಏಕವಚನದಲ್ಲಿ ಮಾತಾಡಿಸದ ಮನುಷ್ಯ. ಆದರೆ ಬೆಳಗಿನಿಂದ ಪರದೆಯ ಮೇಲೆ ಒಬ್ಬರಾದ ಮೇಲೊಬ್ಬರು ಮಹನೀಯರು ಬಂದು, ಒಬ್ಬೊಬ್ಬರೂ ಒಂದೊಂದು ಪಾಠ ಬಿಟ್ಟುಹೋಗುತ್ತಿದ್ದರು. ಕೆಂಪೇಗೌಡರಿಂದ ದೂರದೃಷ್ಟಿ, ನಾಲ್ವಡಿಯವರಿಂದ ತ್ಯಾಗ, ಸರ್ ಎಂ.ವಿ.ಯವರಿಂದ ಸಮಯ. ಸಮಯ ಅಂದರೆ ಸಂಕಲ್ಪ, ಮನನ, ಯೋಜನೆ ಎಂದು ಅವರು ಅಕ್ಷರ ಬಿಡಿಸಿ ಹೇಳಿದಾಗ ಹಿಂದಿನಿಂದ ಯಾರೋ ಫೋಟೋ ತೆಗೆದುಕೊಂಡರು. ಬದುಕಿದ್ದಾಗ ಇವರಿಗೂ ಹಲ್ಲುನೋವು ಬಂದಿರಬೇಕು, ಕಂಟ್ರಾಕ್ಟರು ಕೈಕೊಟ್ಟಿರಬೇಕು, ಯಾರ ಮೇಲೋ ರೇಗಿ ಊಟ ಸೇರದೆ ಎದ್ದಿರಬೇಕು ಅಂದುಕೊಂಡಳು ಅವಳು. ಅದೊಂದೂ ಪರದೆಯ ಮೇಲೆ ಬರಲಿಲ್ಲ. ಜಿಲ್ಲೆಯ ಎಲ್ಲ ಇಂಜಿನಿಯರುಗಳೂ ಕಡ್ಡಾಯವಾಗಿ ಹಾಜರಿರಬೇಕೆಂದು ಆದೇಶವಾಗಿದ್ದ ಈ ಒಂದು ದಿನದ ತರಬೇತಿಗೆ ‘ಮಹನೀಯರ ಹೆಜ್ಜೆಗಳಲ್ಲಿ: ನಾಯಕತ್ವ ಮತ್ತು ಯೋಜನಾ ನಿರ್ವಹಣೆ’ ಎಂದು ಹೆಸರಿಟ್ಟಿದ್ದರು. ಬ್ಯಾನರಿನಲ್ಲಿ ಹೆಜ್ಜೆಗೆ ಒತ್ತು ಬಿಟ್ಟುಹೋಗಿತ್ತು.

ತೊಡೆಯ ಮೇಲಿದ್ದ ಫೋನು ಮತ್ತೆ ನಡುಗಿತು. ಕಂಟ್ರಾಕ್ಟರ್ ಪುನೀತ್. ಮಾತಾಡುವಂತಿಲ್ಲ ಎಂದು ಬೆರಳಲ್ಲೇ ಕತ್ತರಿಸಿದಳು. ಒಡನೆ ಅವನ ಸಂದೇಶ ಬಂತು. ಮೇಲಿನ ತೂಬು ಎತ್ತಿದ್ದಾರಂತೆ, ಮಧ್ಯಾಹ್ನದ ಹೊತ್ತಿಗೆಲ್ಲ ನಾಲೆಗೆ ನೀರು ಬರುತ್ತದಂತೆ, ಏನು ಮಾಡಲಿ ಮೇಡಂ. ಅವಳು ಅದನ್ನು ಓದಿದಳು, ಮತ್ತೆ ಓದಿದಳು, ಅಕ್ಷರಗಳು ಬೇರೆ ಯಾರಿಗೋ ಬರೆದವೆಂಬಂತೆ. ಮದ್ದೂರಿನಿಂದ ಚಿಕ್ಕರಸಿನಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಆಚೆ ದಡದಲ್ಲಿ ತೊರೆಕೊಪ್ಪಲಿನ ಕಾಲೋನಿ. ಈಚೆ ದಡದಲ್ಲಿ ಊರು, ರಸ್ತೆ, ಶಾಲೆ, ಹಾಲಿನ ಡೈರಿ. ನಡುವೆ ಇದ್ದದ್ದು ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಂಥ ಹಳೆಯ ಕಲ್ಲುಸೇತುವೆ. ಅದನ್ನು ಒಡೆಸಿ, ಟ್ರ್ಯಾಕ್ಟರು ಹೋಗುವಷ್ಟು ಅಗಲದ ಹೊಸದನ್ನು ಕಟ್ಟಿಸುತ್ತಿದ್ದವಳು ಅವಳೇ. ನಾಲೆಗೆ ನೀರು ಬಿಡುವುದು ನಿಂತ ದಿನಗಳಲ್ಲಿ ಕೆಲಸ. ಮೊನ್ನೆಯಷ್ಟೇ ಮೇಲಿನ ಕಾಂಕ್ರೀಟು ಹಾಕಿಯಾಗಿತ್ತು. ಆ ಹಸಿ ಕಾಂಕ್ರೀಟನ್ನು ಹೊತ್ತುಕೊಂಡ ಹಲಗೆ, ಗಳುಗಳೆಲ್ಲ ನಾಲೆಯ ಒಣಪಾತ್ರದಲ್ಲೇ ಊರಿಕೊಂಡು ನಿಂತಿದ್ದವು. ನೀರು ಬಂದರೆ ಗಳುಗಳು ನಿಲ್ಲುವುದಿಲ್ಲ, ಗಳುಗಳು ಹೋದರೆ ಕಾಂಕ್ರೀಟು ನಿಲ್ಲುವುದಿಲ್ಲ. ನೀರು ಬರಲು ಇನ್ನೂ ಎರಡು ವಾರವಿದೆ ಎಂದು ನಾಲೆ ವಿಭಾಗದ ಪುಟ್ಟಸ್ವಾಮಿ ಬಾಯಲ್ಲಿ ಹೇಳಿದ್ದರು. ಆ ಪುಟ್ಟಸ್ವಾಮಿ ಈಗ ಅವಳಿಗಿಂತ ಎರಡು ಸಾಲು ಮುಂದೆ, ಕುತ್ತಿಗೆಯ ಹಿಂದೆ ಕರವಸ್ತ್ರ ಇಟ್ಟುಕೊಂಡು ಮೇಣದಬತ್ತಿಯ ಕಥೆಗೆ ತಲೆದೂಗುತ್ತಿದ್ದರು.

ಚಹಾಕ್ಕೆ ಬಿಟ್ಟಾಗ ಅವರನ್ನು ಹಿಡಿದಳು. ಪುಟ್ಟಸ್ವಾಮಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವುದರೊಳಗೆ ಬಾಯಿಗೆ ಹಾಕಿಕೊಳ್ಳುವ ಗಮನದಲ್ಲಿದ್ದರು. ಕಬ್ಬು ಒಣಗುತ್ತಿದೆ ಎಂದು ರೈತರು ಕಚೇರಿಯ ಮುಂದೆ ಕೂತರಂತೆ, ಮೇಲಿನಿಂದ ಹೇಳಿಕೆ ಬಂತಂತೆ, ನೀರು ಬಿಡುವ ದಿನವನ್ನು ಮುಂದೂಡುವುದಿರಲಿ, ಮೊದಲೇ ಬಿಟ್ಟರಂತೆ. ತನಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದರೆ, ಹೇಳಿದ್ದೇನಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನೆ ಎಂದು ಅವರೇ ಅವಳ ಫೋನಿನಲ್ಲಿ ಹುಡುಕಿ ತೋರಿಸಿದರು. ನಿಜ, ಹಾಕಿದ್ದರು. ಅದರ ಮೇಲೆ ಸೂರ್ಯೋದಯದ ಹಿನ್ನೆಲೆಯಲ್ಲಿ ವಿವೇಕಾನಂದರ ನುಡಿ, ಅದರ ಮೇಲೆ ಗುಲಾಬಿಯೊಂದಿಗೆ ಬಸವಣ್ಣನವರ ನುಡಿ, ಅದರ ಮೇಲೆ ಅಬ್ದುಲ್ ಕಲಾಮರು ಎಂದೂ ಆಡಿರಲಾರದ ಒಂದು ನುಡಿ, ಅದರ ಮೇಲೆ ಯಾರದೋ ಹುಟ್ಟುಹಬ್ಬ. ನೀರು ಬಿಡುವ ಸುದ್ದಿ ಇಷ್ಟು ಜನ ದೊಡ್ಡವರ ಕಾಲಡಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಅದನ್ನು ದಾಟಿಯೇ ದಿನವೂ ಬೆರಳು ಸರಿಸಿದ್ದಳು. ನಗು ಬರಬೇಕಿತ್ತು, ಬರಲಿಲ್ಲ. ತೂಬು ಮುಚ್ಚಿಸಿ ಸರ್, ಎಂದಳು. ಪುಟ್ಟಸ್ವಾಮಿ ಲೋಟ ಕೆಳಗಿಟ್ಟು, ಹೆಂಡತಿಯ ತಂಗಿಗೆ ಬುದ್ಧಿ ಹೇಳುವ ದನಿಯಲ್ಲಿ, ಮಧ್ಯಾಹ್ನದ ಮೇಲೆ ನೋಡೋಣ ತಾಳಿ ಮೇಡಂ, ಎಂದು ಒಳಗೆ ನಡೆದರು. ಮಧ್ಯಾಹ್ನದ ಮೇಲೆ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ ಎನ್ನುವುದನ್ನು ಅವಳು ಖಾಲಿ ಲೋಟಕ್ಕೆ ಹೇಳಿಕೊಂಡಳು.

ಮತ್ತೆ ಶುರುವಾದಾಗ ಜಯಪ್ರಕಾಶ್ ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿಗಳನ್ನು ತಂದಿದ್ದರು. ಒಬ್ಬೊಬ್ಬರೂ ಒಂದು ಚೀಟಿ ಎತ್ತಿ, ಅದರಲ್ಲಿರುವ ಮಹನೀಯರಿಂದ ತಾವು ಕಲಿತದ್ದನ್ನು ಬಂದು ಹೇಳಬೇಕು. ಡಬ್ಬಿ ಸಾಲಿನಲ್ಲಿ ಬರುತ್ತಾ ಅವಳ ಹತ್ತಿರ ಬಂದಾಗ ಅವರು ಅದನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರು. “ನೀವು ಎತ್ತೋದು ಬೇಡ ಮೇಡಂ. ಬಾಬಾಸಾಹೇಬರ ಬಗ್ಗೆ ನೀವೇ ಮಾತಾಡಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?” ಎಂದರು. ಆ ದನಿಯಲ್ಲಿ ಕಹಿಯಿರಲಿಲ್ಲ, ಒಂದು ಮರ್ಯಾದೆಯೇ ಇತ್ತು. ಅದಕ್ಕೇ ಅದರ ಮೇಲೆ ಕೈ ಎತ್ತುವಂತಿರಲಿಲ್ಲ. ಪಕ್ಕದವರೆಲ್ಲ ಹೌದು ಹೌದು ಎಂಬಂತೆ ನಕ್ಕರು. ಮಳವಳ್ಳಿಯ ಶಾಲೆಯಲ್ಲಿ ಛದ್ಮವೇಷಕ್ಕೆ ಅವಳು ವಿಶ್ವೇಶ್ವರಯ್ಯ ಆಗುತ್ತೇನೆಂದು ಹಟ ಹಿಡಿದಿದ್ದಳು. ಶಿವನಸಮುದ್ರದ ವಿದ್ಯುದಾಗಾರದಲ್ಲಿ ಹೆಲ್ಪರಾಗಿದ್ದ ಅಪ್ಪ ಕರಿಯಯ್ಯ, ಪಾಳಿ ಮುಗಿಸಿ ಬಂದು, ತನ್ನ ಮದುವೆಯ ಜರಿಪಂಚೆಯನ್ನು ನೀರಲ್ಲಿ ನೆನೆಸಿ ಹಿಂಡಿ, ಮೊಣಕಾಲಿಗೆ ಸುತ್ತಿ ಸುತ್ತಿ ಪೇಟ ಮಾಡಿಕೊಟ್ಟಿದ್ದ. ವೇದಿಕೆಯ ಹಿಂದೆ ಮೇಷ್ಟ್ರು ಆ ಪೇಟವನ್ನು ಅವಳ ತಲೆಯಿಂದ ಎತ್ತಿ, ಚೆನ್ನಾಗಿದೆಯಲ್ಲ ಎಂದು ತಿರುಗಿಸಿ ನೋಡಿ, ಇನ್ನೊಬ್ಬ ಹುಡುಗನ ತಲೆಗಿಟ್ಟು, ನಿನಗೆ ಕೋಟು ತರಿಸಿದ್ದೇನೆ ಕಣಮ್ಮ, ನೀನು ಅಂಬೇಡ್ಕರ್, ಎಂದಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿದ್ದು, ಅವಳು ಪರೀಕ್ಷೆಗೆ ಹೊರಡುವಾಗಲೆಲ್ಲ ಕಣ್ಣೆತ್ತಿ ನೋಡುತ್ತಿದ್ದ ಆ ಮುಖವನ್ನು ಆ ದಿನ ಮಾತ್ರ ಅವಳು ದ್ವೇಷಿಸಿದ್ದಳು. ಸಂಜೆ ಮನೆಗೆ ಬಂದು ಅದಕ್ಕಾಗಿ ಅಳುತ್ತಾ ಕೂತಿದ್ದಳು. ತನಗೆ ಅತ್ಯಂತ ಪ್ರೀತಿಯದನ್ನೇ ತಂದು ತನಗೆ ಒಂದು ಮೂಲೆಯಾಗಿ ಕೊಡುತ್ತಾರಲ್ಲ, ಬೇಡವೆಂದರೆ ಆ ಪ್ರೀತಿಗೆ ದ್ರೋಹ, ಬೇಕೆಂದರೆ ಆ ಮೂಲೆಯಲ್ಲಿ ಕೂರಬೇಕು. ಈ ಮಾತನ್ನು ಅವಳು ಇಷ್ಟು ವರ್ಷಗಳಲ್ಲಿ ಯಾರಿಗೂ ಬಿಡಿಸಿ ಹೇಳಲಾಗಿರಲಿಲ್ಲ.

ಅವಳ ಸರದಿ ಬಂತು. ಹೇಳುವುದಕ್ಕೇನೂ ಕೊರತೆಯಿರಲಿಲ್ಲ. ಬಾಬಾಸಾಹೇಬರು ವೈಸರಾಯರ ಮಂಡಳಿಯಲ್ಲಿದ್ದಾಗ ನದಿಯ ನೀರು, ವಿದ್ಯುತ್ತುಗಳ ವಿಷಯವೂ ಅವರ ಪಾಲಿಗೆ ಬಂದಿತ್ತೆನ್ನುವುದನ್ನು ಈ ಸಭೆಯಲ್ಲಿ ಎಷ್ಟು ಜನ ಬಲ್ಲರು? ದಲಿತರು ಮುಟ್ಟುವಂತಿರದ ಮಹಾಡಿನ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿದ್ದನ್ನು ಯಾವ ಪಾಠದ ಕೆಳಗೆ ಬರೆದುಕೊಳ್ಳುತ್ತೀರಿ ಎಂದು ಕೇಳಬಹುದಿತ್ತು. ಮೈಕಿನ ಹತ್ತಿರ ನಿಂತಾಗ ಕೈಯಲ್ಲಿದ್ದ ಫೋನು ಮತ್ತೆ ನಡುಗಿತು. ಎದುರಿಗೆ ಪುಟ್ಟಸ್ವಾಮಿಯ ಬೋಳುತಲೆ ಅಲ್ಲಾಡದೆ ಕೂತಿತ್ತು. ಅವಳಿಗೆ ಬೇರೇನೋ ಬಾಯಿಗೆ ಬಂತು.

“ತೊರೆಕೊಪ್ಪಲಿನ ಕಾಲೋನಿಗೆ ನಾನು ಸೇತುವೆ ಕಟ್ಟಿಸ್ತಾ ಇದೀನಿ. ಕಾಂಕ್ರೀಟು ಇನ್ನೂ ಹಸಿ. ಈಗ ನಾಲೇಲಿ ನೀರು ಬರ್ತಾ ಇದೆ. ಅದನ್ನ ನಿಲ್ಲಿಸಬಲ್ಲವರು ಇದೇ ಹಾಲ್‌ನಲ್ಲಿ ಕೂತಿದಾರೆ, ಕಟ್ಟಿಸಿದವಳು ಇಲ್ಲಿ ನಿಂತಿದೀನಿ. ಇಬ್ರೂ ಬೆಳಗಿಂದ ಪಾಠ ಕೇಳ್ತಾ ಇದೀವಿ. ಪುಟ್ಟಸ್ವಾಮಿ ಸರ್, ತೂಬು ಮುಚ್ಚೋಕೆ ಹೇಳಿ. ಈಗಲೇ.”

ಜಯಪ್ರಕಾಶ್ ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದರು, ಅವರ ಹಿಂದೆ ಇಡೀ ಸಭೆ ತಟ್ಟಿತು. ಎಂಥಾ ಸೊಗಸಾದ ಉದಾಹರಣೆ, ಇದನ್ನೇ ನಾವು ಕೇಸ್ ಸ್ಟಡಿ ಅನ್ನೋದು, ಎಂದು ಅವರು ಬೋರ್ಡಿನ ಕಡೆ ತಿರುಗಿ ನೀಲಿ ಪೆನ್ನಿನಲ್ಲಿ ಒಂದು ಪ್ರಶ್ನೆ ಬರೆದರು. ಈ ಸಂದರ್ಭದಲ್ಲಿ ಬಾಬಾಸಾಹೇಬರಿದ್ದಿದ್ದರೆ ಏನು ಮಾಡುತ್ತಿದ್ದರು? ಐದೈದು ಜನರ ಗುಂಪು ಮಾಡಿಕೊಂಡು ಚರ್ಚಿಸಿ. ಕುರ್ಚಿಗಳನ್ನು ಕರಕರನೆ ಎಳೆದಾಡಿದರು. ಶಶಿರೇಖಾ ಮೈಕನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಯಾರೋ ಬಂದು ಮರ್ಯಾದೆಯಿಂದ ಅದನ್ನು ಬಿಡಿಸಿಕೊಂಡರು. ಇದು ಉದಾಹರಣೆಯಲ್ಲ ಎಂದು ಹೇಳಿದರೂ ಅದನ್ನೂ ಬೋರ್ಡಿನ ಮೇಲೆ ಬರೆದುಕೊಳ್ಳುತ್ತಾರೆನ್ನಿಸಿ, ಚೀಲ ತೆಗೆದುಕೊಂಡು ಹೊರಗೆ ಬಂದಳು.

ಪುಟ್ಟಸ್ವಾಮಿ ಅವಳಿಗಿಂತ ಮೊದಲೇ ವರಾಂಡದಲ್ಲಿದ್ದರು, ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದರು. ಮುಗಿಸಿ ತಿರುಗಿದಾಗ ಅವರ ಮುಖ ಬೆವರಿತ್ತು. ಸರ್ವಿಸ್ಸಿನಲ್ಲಿ ಇಷ್ಟು ವರ್ಷ ಯಾರೂ ತನ್ನನ್ನು ಹೀಗೆ ಹತ್ತು ಜನರೆದುರು ನಿಲ್ಲಿಸಿ ಮಾತಾಡಿರಲಿಲ್ಲ ಎಂದರು. ಸಂಜೆಯ ತನಕ ತಡೆಸಿದ್ದೇನೆ, ಅದೂ ನನ್ನ ತಲೆಯ ಮೇಲೆ, ಅಲ್ಲಿಂದಾಚೆಗೆ ಆಗುವುದಿಲ್ಲ ಎಂದರು. ಸಂಜೆಯೊಳಗೆ ಕಾಂಕ್ರೀಟು ಗಟ್ಟಿಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇನ್ನೊಂದು ವಾರ, ಎಂದು ಅವಳು ಶುರುಮಾಡಿದಳು. ಅವರು ಕೈಯಡ್ಡ ಹಿಡಿದರು.

“ಆ ನಾಲೆ ಕೊನೇ ಭಾಗದ ಗದ್ದೆ ಯಾರ್ದು ಅಂತ ಗೊತ್ತಾ ಮೇಡಂ ನಿಮ್ಗೆ? ನಿಮ್ಮ ಕಾಲೋನಿಯೋರ್ದೇ. ಹೋದ್ಸಲ ಸರದೀಲೂ ಅವ್ರಿಗೆ ನೀರು ಮುಟ್ಟಿಲ್ಲ. ಈ ಸಲಾನೂ ತಪ್ಪಿದ್ರೆ ಅವ್ರ ಭತ್ತ ಮುಗೀತು. ಸೇತುವೆ ತೋರ್ಸಿ ಸಮಾಧಾನ ಮಾಡ್ತೀರಾ?”

ಜೀಪು ಹೆದ್ದಾರಿಗೆ ಬಿದ್ದ ಮೇಲೂ ‘ನಿಮ್ಮ ಕಾಲೋನಿ’ ಎಂಬ ಮಾತು ಕಿವಿಯಲ್ಲೇ ಇತ್ತು. ತೊರೆಕೊಪ್ಪಲು ಅವಳ ಊರಲ್ಲ, ಅಲ್ಲಿ ಅವಳಿಗೆ ನೆಂಟರಿಲ್ಲ. ಆದರೆ ಆ ಮಾತಿಗೆ ಅಲ್ಲವೆನ್ನುವ ಬಾಯಿಯೂ ಅವಳಿಗಿರಲಿಲ್ಲ. ತನ್ನದಾಗಿದ್ದರೆ ಆ ಗದ್ದೆಗಳು ಯಾರವೆಂದು ತನಗೆ ಗೊತ್ತಿರಬೇಕಿತ್ತು. ನಕ್ಷೆಯಲ್ಲಿ ನಾಲೆಯ ಅಗಲ, ಆಳ, ಮಣ್ಣಿನ ಗುಣ ಎಲ್ಲ ಬರೆಸಿದ್ದಳು, ನೀರು ಕೊನೆಗೆ ಯಾರ ಹೊಲ ಸೇರುತ್ತದೆಂದು ನೋಡಿರಲಿಲ್ಲ. ಮುಂದಿದ್ದ ಕಬ್ಬಿನ ಟ್ರ್ಯಾಕ್ಟರು ದಾರಿ ಕೊಡದೆ ಹೊಯ್ದಾಡುತ್ತಿತ್ತು, ಡ್ರೈವರ್ ಹಾರ್ನ್ ಒತ್ತುತ್ತಿದ್ದ, ಮದ್ದೂರಿನ ಹತ್ತಿರ ಆಲೆಮನೆಯ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು. ಅವಳು ಒಬ್ಬೊಬ್ಬರನ್ನಾಗಿ ಬೈದುಕೊಂಡಳು. ಬಾಯಲ್ಲಿ ಒಂದು, ಗ್ರೂಪಿನಲ್ಲಿ ಒಂದು ಹೇಳಿದ ಪುಟ್ಟಸ್ವಾಮಿಯನ್ನು, ಸತ್ತವರ ಬಾಯಿಗೆ ನುಡಿ ತುರುಕುವವರನ್ನು, ಇಂಥ ದಿನವೇ ತರಬೇತಿ ಇಟ್ಟವರನ್ನು, ಜಯಪ್ರಕಾಶರ ನೀಲಿ ಪೆನ್ನನ್ನು. ಬೈಯುವುದಕ್ಕೆ ಇನ್ನು ಯಾರೂ ಉಳಿಯದೆ ಹೋದಾಗ ಪುನೀತ್ ನೆನಪಾದ. ಅವನನ್ನು ಬೈಯುವಂತಿರಲಿಲ್ಲ. ಮುಂದಿನ ಸಲ ನೀರು ನಿಂತಾಗ ಹಾಕೋಣ ಮೇಡಂ, ಈಗ ತೀರಾ ಹತ್ತಿರಾಯ್ತು, ಎಂದು ಅವನು ಕಾಂಕ್ರೀಟು ಹಾಕುವ ಹಿಂದಿನ ದಿನವೂ ಹೇಳಿದ್ದ. ಆಗುವುದಿಲ್ಲ ಎಂದವಳು ಅವಳು. ಯಾಕೆ ಆಗುವುದಿಲ್ಲ ಎಂದು ಅವನು ಕೇಳಿರಲಿಲ್ಲ.

ಯಾಕೆಂದರೆ ಏಪ್ರಿಲ್ ಹದಿನಾಲ್ಕು. ಕಾಲೋನಿಯ ಸಮುದಾಯ ಭವನದಲ್ಲಿ ಹಿರಿಯ ಮರಿಸಿದ್ದಯ್ಯ, ಯಾವಾಗ ಮುಗೀತದವ್ವ, ಎಂದಷ್ಟೇ ಕೇಳಿದ್ದ. ಪ್ರತಿ ವರ್ಷವೂ ಜಯಂತಿಯ ದಿನ ಬಾಬಾಸಾಹೇಬರ ಪಟ ಇಟ್ಟ ಟ್ರ್ಯಾಕ್ಟರು ಹಳೆಯ ಸೇತುವೆ ದಾಟಲಾರದೆ, ಬಹಳ ದೂರದ ಗಾಡಿದಾರಿಯಲ್ಲಿ ಸುತ್ತಿ, ಊರೊಳಗಿನ ಬೀದಿಯ ಮೇಲೆ ಹಾಯಬೇಕಿತ್ತು. ಅಲ್ಲಿ ಜಗಲಿಯ ಮೇಲೆ ಕೂತವರು ಏನಾದರೂ ಒಂದು ಅನ್ನುತ್ತಿದ್ದರು, ಇವರು ತಿರುಗಿ ಏನಾದರೂ ಅನ್ನುತ್ತಿದ್ದರು. ಅದನ್ನೆಲ್ಲ ಕೇಳಿದ ಬಿಸಿಯಲ್ಲಿ ಅವಳು ಎದ್ದು, ಈ ವರ್ಷ ಜಯಂತಿಯೊಳಗೆ ಮುಗಿಯುತ್ತೆ, ಮೆರವಣಿಗೆ ಇದರ ಮೇಲೇ ಬರುತ್ತೆ, ಎಂದುಬಿಟ್ಟಿದ್ದಳು. ಯಾರೂ ಕೇಳಿರಲಿಲ್ಲ. ಚಪ್ಪಾಳೆ ಬಿದ್ದಿತ್ತು. ನಮ್ಮ ಹೆಣ್ಮಗಳು ಎಂದು ಯಾರೋ ಅಂದದ್ದು ಕೇಳಿಸಿತ್ತು. ಆ ರಾತ್ರಿಯಿಂದ ಅವಳ ಕಣ್ಣಿನಲ್ಲಿ ಸೇತುವೆಗಿಂತ ಮೊದಲು ಮೆರವಣಿಗೆ ಬರುತ್ತಿತ್ತು. ನೀಲಿ ಬಾವುಟ, ತಮಟೆ, ಟ್ರ್ಯಾಕ್ಟರಿನ ಮೇಲೆ ಪಟ, ದಡದಲ್ಲಿ ಒಂದು ಪಕ್ಕಕ್ಕೆ ನಿಂತ ತಾನು, ಯಾರಾದರೂ ತನ್ನ ಕಡೆ ಕೈ ಮಾಡಿ ತೋರಿಸುವುದು. ಆ ಒಂದು ಬೆರಳಿಗಾಗಿ, ಈಗ ಜೀಪಿನಲ್ಲಿ ಕೂತು ಅಂದುಕೊಂಡಳು, ಹಳೆಯ ಕಲ್ಲು ಒಡೆಸಿದೆ, ನೀರಿನ ದಿನಕ್ಕೂ ಕಾಂಕ್ರೀಟಿನ ದಿನಕ್ಕೂ ನಡುವೆ ಉಸಿರಾಡಲು ಒಂದು ದಿನವನ್ನೂ ಬಿಡಲಿಲ್ಲ. ಮಹನೀಯರ ಹೆಸರಲ್ಲಿ ಅವಸರ ಮಾಡಿದವಳು ಆ ಸಭೆಯಲ್ಲಿ ಕೂತವರಲ್ಲಿ ಅವಳೊಬ್ಬಳೇ ಇದ್ದಿರಬೇಕು.

ನಾಲೆಯ ಹತ್ತಿರ ಜನ ಸೇರಿದ್ದರು. ಜೀಪನ್ನು ರಸ್ತೆಯ ಕಡೆ ಬಿಟ್ಟು, ಅವಳು ಒಣಪಾತ್ರಕ್ಕೆ ಇಳಿದು, ಗಳುಗಳ ನಡುವೆ ಬಗ್ಗಿ ಹಾದು ಆಚೆ ದಡ ಹತ್ತಿದಳು. ತಲೆಯ ಮೇಲೆ ಕಾಂಕ್ರೀಟಿನ ತಣ್ಣನೆಯ ಹಸಿ ವಾಸನೆ ಇತ್ತು. ಪುನೀತ್ ಜೆಸಿಬಿ ತರಿಸಿ ಸುಮ್ಮನೆ ನಿಲ್ಲಿಸಿಕೊಂಡಿದ್ದ, ಅವಳು ಬಂದು ಏನಾದರೂ ಹೇಳಲೆಂದು. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಸಂಜೆ ನೀರು ಬರುತ್ತದೆ. ಸೇತುವೆ ನಿಲ್ಲುವುದಿಲ್ಲ. ತಾನಾಗಿ ಬೀಳಲು ಬಿಟ್ಟರೆ ನಾಲೆಗೆ ಅಡ್ಡ ಬಿದ್ದು ನೀರು ಮುಂದಕ್ಕೆ ಹೋಗುವುದಿಲ್ಲ, ಕೊನೆಯ ಗದ್ದೆಗಳಿಗಂತೂ ಮುಟ್ಟುವುದೇ ಇಲ್ಲ. ನೀರು ಬರುವ ಮೊದಲೇ ಒಡೆದು ತೆಗೆಯಬೇಕು, ಇಲ್ಲವೇ ನೀರನ್ನು ನಿಲ್ಲಿಸಬೇಕು. ಮರಿಸಿದ್ದಯ್ಯ ಹೆಗಲ ಮೇಲಿನ ಟವಲ್ಲು ಕೊಡವಿದ.

“ನೀರ್ನೇ ನಿಲ್ಸಾನ. ನೀನ್ ಊಂ ಅನ್ನವ್ವ. ನಾವೆಲ್ಲ ಓಗಿ ತೂಬಿನ ತಾವು ಕುಂತ್ಕತೀವಿ. ಅದೆಂಗೆ ಎತ್ತಾರೋ ನೋಡೇಬುಡಾನ. ಜಯಂತಿಗೆ ಇನ್ನೆಷ್ಟ್ ದಿನ ಅದೆ?”

“ಕುಂತ್ಕಳಯ್ಯ, ಕುಂತ್ಕ,” ಎಂದಳು ದೇವಿರಮ್ಮ. ಅವಳು ಎಮ್ಮೆಗೆ ಹುಲ್ಲು ಹೊತ್ತು ತಂದವಳು, ಹೊರೆಯನ್ನು ಇನ್ನೂ ಇಳಿಸಿರಲಿಲ್ಲ. “ನಾನು ಬಡ್ದಾಡ್ಕಂಡು ನಾಟಿ ಮಾಡಿವ್ನಿ, ಒಣಗ್ತಾ ಅದೆ. ನಿನ್ನ ಮೆರವಣಿಗೆ ಬಂದು ನೀರುಣ್ಸದಾ?”

ಅದಕ್ಕೆ ಇನ್ನೊಬ್ಬಳು, ನಿನಗೆ ಗದ್ದೆ ಅದೆ ಅಂತ ಎಲ್ಲರಿಗೂ ಅದೆಯಾ, ನನ್ನ ಮೊಮ್ಮಕ್ಕಳು ಶಾಲೆಗೆ ಎಲ್ಲಿ ಹಾಯಬೇಕು, ಎಂದು ತಿರುಗಿಬಿದ್ದಳು. ಗದ್ದೆಯಿದ್ದವರು ಒಂದು ಕಡೆ, ಇಲ್ಲದವರು ಒಂದು ಕಡೆ. ಅದುವರೆಗೆ ಶಶಿರೇಖಾ ಕಾಲೋನಿ ಎಂದೇ ಕರೆಯುತ್ತಿದ್ದದ್ದು ಅವಳ ಕಣ್ಣೆದುರೇ ಎರಡಾಗಿ, ಕೈ ಬೀಸಿ ಮಾತಾಡತೊಡಗಿತು. ಊಂ ಅನ್ನುವುದು ಬಹಳ ಸುಲಭವಿತ್ತು. ಇವರು ಹೋಗಿ ತೂಬಿನ ಹತ್ತಿರ ಕೂರುತ್ತಾರೆ, ನೀರು ನಿಲ್ಲುತ್ತದೆ, ಸೇತುವೆ ಉಳಿಯುತ್ತದೆ, ತಾನು ಕಚೇರಿಯಲ್ಲಿ ಜನರ ಬೇಡಿಕೆ ಎಂದು ಬರೆಯಬಹುದು. ಆದರೆ ಕಬ್ಬು ಒಣಗುತ್ತಿರುವ ಊರಿನವರು ಸುಮ್ಮನಿರುವುದಿಲ್ಲ. ಹೊಡೆದಾಟಕ್ಕೆ ಸಿಗುವವರು ಇವರು, ಆಮೇಲೆ ಆ ಬೀದಿಯಲ್ಲಿ ದಿನವೂ ಓಡಾಡಬೇಕಾದವರು ಇವರು. ತಾನು ಜೀಪು ಹತ್ತಿ ಮನೆಗೆ ಹೋಗುವವಳು. ಯಾರಾದರೂ ಹೇಳಲಿ ಎಂದು ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಬೇಡ ಮರಿಸಿದ್ದಯ್ಯ. ಯಾರೂ ಎಲ್ಲಿಗೂ ಹೋಗೋದು ಬೇಡ,” ಎಂದಳು. “ಜಯಂತಿಯೊಳಗೆ ಅಂತ ಹೇಳಿದ್ದು ನಾನು. ನೀವು ಕೇಳಿರ್ಲಿಲ್ಲ. ಆ ದಿನ ಇಟ್ಕೊಂಡೇ ಅವಸರ ಮಾಡ್ದೆ, ತಪ್ಪು ನಂದು. ಪುನೀತ್, ಒಡೀರಿ.”

ದೇವಿರಮ್ಮ ಆಗ ಹೊರೆ ಇಳಿಸಿದಳು. “ತಪ್ಪು ನಿಂದೇಯ. ಅದ ತಕ್ಕಂಡು ನಾವೇನ್ ಮಾಡವ? ಅಳೇದ ಒಡೆಸ್ದಾ​ಗ್ಲೂ ಇಲ್ಲೇ ನಿಂತ್ಕಂಡು ಒಡೀರಿ ಅಂದೆ.”

ಮರಿಸಿದ್ದಯ್ಯ ಟವಲ್ಲು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದುಬಿಟ್ಟ. ಅವನ ಹಿಂದೆ ಇನ್ನೂ ಕೆಲವರು. ಅವನ ಬೆನ್ನನ್ನು ನೋಡುವುದು ಅವಳಿಗೆ ಆ ದಿನದ ಎಲ್ಲಕ್ಕಿಂತ ಕಷ್ಟವಾಯಿತು. ಪುನೀತ್‌ನ ಆಳುಗಳು ಗಳುಗಳಿಗೆ ಹಗ್ಗ ಕಟ್ಟಿ, ಜನರನ್ನೆಲ್ಲ ದೂರ ಸರಿಸಿ, ದಡದಿಂದ ಜಗ್ಗಿದರು. ಒಂದೊಂದಾಗಿ ಗಳು ಉರುಳಿದವು, ಹಲಗೆಗಳು ಕಳಚಿ ಬಿದ್ದವು. ಕಡೆಯ ಗಳುವೂ ಹೋದ ಮೇಲೆ ಕಾಂಕ್ರೀಟು ಮಾತ್ರ ಹಾಗೇ ಗಾಳಿಯಲ್ಲಿ ನಿಂತಿತು. ಅದು ನಿಲ್ಲಬಾರದಿತ್ತು. ನಿಂತೀತು, ನಿಂತುಬಿಡಲಿ, ಎಂದು ತಾನು ಓದಿದ್ದೆಲ್ಲ ಮರೆತು ಹರಕೆ ಹೊತ್ತವಳಂತೆ ಕೈ ಬಿಗಿಹಿಡಿದಳು. ಪಕ್ಕದಲ್ಲಿ ಯಾರೋ ಒಳ್ಳೇ ಗಟ್ಟಿಯಾಗಿ ಅದೆ ಎಂದರು, ಆ ಮಾತಿಗೆ ಅವಳಿಗೆ ಮುಖ ಬಿಸಿಯಾಗುವಷ್ಟು ಹೆಮ್ಮೆಯಾಯಿತು. ಆಮೇಲೆ ನಡುವಿನಲ್ಲಿ ಒಂದು ಗೆರೆ ಕಾಣಿಸಿತು, ಗೆರೆ ಬಾಯಿಬಿಟ್ಟಿತು, ಅಷ್ಟಗಲದ ಸೇತುವೆ ಮುದುಕಿಯೊಬ್ಬಳು ಸೊಂಟ ಹಿಡಿದು ಕೂರುವಂತೆ ಮೆಲ್ಲಗೆ ಕೂತುಕೊಂಡಿತು. ಧೂಳೇಳಲಿಲ್ಲ, ಅಷ್ಟು ಹಸಿಯಾಗಿತ್ತು. ಜೆಸಿಬಿ ಇಳಿದು ಅದನ್ನು ಕುಟ್ಟಿ, ಕಂಬಿಗಳನ್ನು ಕೂದಲು ಹಿಡಿದಂತೆ ಎಳೆದು, ಚೂರುಗಳನ್ನು ದಡಕ್ಕೆ ಎತ್ತಿ ಹಾಕುತ್ತಾ ಹೋಯಿತು. ಶಶಿರೇಖಾಳೂ ಸೆರಗು ಸಿಕ್ಕಿಸಿಕೊಂಡು ಇಳಿದು, ಹಲಗೆಗಳನ್ನು ಎತ್ತಿ ಕೊಟ್ಟಳು. ಬೇಡ ಮೇಡಂ ಎಂದು ಪುನೀತ್ ಎರಡು ಸಲ ಹೇಳಿದ, ಮೂರನೆಯ ಸಲ ಹೇಳಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ನೀರು ಬಂತು. ಒಣಗಿದ ತರಗು, ಪ್ಲಾಸ್ಟಿಕ್ ಬಾಟಲು, ಕಂದು ನೊರೆ ಎಲ್ಲವನ್ನೂ ಮುಂದಕ್ಕೆ ನೂಕಿಕೊಂಡು, ಅವಸರವೇ ಇಲ್ಲದೆ ತಿರುವಿನಲ್ಲಿ ಕಾಣಿಸಿ, ಸೇತುವೆಯ ಎರಡು ಬದಿಗೆ ಉಳಿದಿದ್ದ ಮೋಟು ಗೋಡೆಗಳ ನಡುವೆ ಎಲ್ಲೂ ತಡೆಯದೆ ಹಾದುಹೋಯಿತು. ದಡದಲ್ಲಿದ್ದ ಗದ್ದೆಯವರು ಗುದ್ದಲಿ ಎತ್ತಿಕೊಂಡು ಅದರ ಜೊತೆಗೇ ಕೆಳಗೆ ನಡೆದರು. ನೀರು ದಡದ ಅರ್ಧ ಏರಿದಾಗಲೇ ಶಶಿರೇಖಾಗೆ ತಾನು ಕಾಲೋನಿಯ ಕಡೆ ಉಳಿದದ್ದು ತಿಳಿದದ್ದು. ಆಚೆ ದಡದಲ್ಲಿ ಡ್ರೈವರ್ ಜೀಪಿಗೆ ಒರಗಿ ನಿಂತಿದ್ದ. ಗಾಡಿದಾರಿಯಲ್ಲಿ ಸುತ್ತಿ ಬಾ ಎಂದು ಫೋನು ಮಾಡಬಹುದಿತ್ತು. ದೇವಿರಮ್ಮ ಹಾಲಿನ ಕ್ಯಾನು ಹಿಡಿದು ಏರಿಯ ಮೇಲೆ ಹೊರಟಿದ್ದಳು. ಸಂಜೆಯ ಹಾಲು ಡೈರಿಗೆ ಹಾಕಬೇಕು, ಡೈರಿ ಇರುವುದು ಆಚೆ. ಇಷ್ಟು ದಿನ ಒಣನಾಲೆಯಲ್ಲಿ ಇಳಿದು ಹತ್ತುತ್ತಿದ್ದವಳು ಇನ್ನು ಮೇಲೆ ಗಾಡಿದಾರಿ ನಾಲೆ ದಾಟುವ ದೂರದ ರಸ್ತೆಸೇತುವೆಯ ತನಕ ನಡೆದು, ಆಚೆ ದಡದಲ್ಲಿ ತಿರುಗಿ ಬರಬೇಕು. ಶಶಿರೇಖಾ ಡ್ರೈವರನಿಗೆ ಡೈರಿಯ ಹತ್ತಿರ ಇರು ಎಂದು ಕೈಸನ್ನೆ ಮಾಡಿ, ಅವಳ ಹಿಂದೆ ಹೊರಟಳು. ಏರಿ ಕಿರಿದು, ಜಾಲಿಮುಳ್ಳು ಸೀರೆಗೆ ಹಿಡಿಯುತ್ತಿತ್ತು, ನಡೆದಷ್ಟೂ ರಸ್ತೆಸೇತುವೆ ಅಷ್ಟೇ ದೂರದಲ್ಲಿರುವಂತೆ ಕಾಣುತ್ತಿತ್ತು. ನಕ್ಷೆಯಲ್ಲಿ ಈ ದೂರ ಒಂದು ಬೆರಳಿನಷ್ಟಿತ್ತು. ಮುಂದಿನ ಸಲ ನೀರು ನಿಂತಾಗ ಎಂದು ಅವಳು ಬಾಯಿ ತೆಗೆದಳು. ದೇವಿರಮ್ಮ ತಿರುಗದೆಯೇ, “ಅದ ಆಮೇಕೆ ಏಳೀವಂತೆ. ಬಿರ್ನೆ ನಡಿ, ಡೈರಿ ಮುಚ್ಬುಡ್ತರೆ,” ಎಂದಳು.

ಮುಚ್ಚುತ್ತಲೇ ಇದ್ದರು. ಡೈರಿಯವನು ಯಂತ್ರ ತೊಳೆದಿಟ್ಟು ಬಾಗಿಲು ಎಳೆಯುತ್ತಿದ್ದ. ಟೈಮ್ ಆಯಿತು, ನಾಳೆ ಬಾ ಎಂದ. ಶಶಿರೇಖಾ ಮುಂದೆ ಬಂದು, ನೋಡಿ ಇವರೇ, ನಾನು, ಎಂದು ಕಚೇರಿಯ ದನಿ ತೆಗೆದಳು. ದೇವಿರಮ್ಮ ಮೊಣಕೈಯಿಂದ ಅವಳನ್ನು ಪಕ್ಕಕ್ಕೆ ಸರಿಸಿ, ನೀ ಸುಮ್ಕಿರು, ಎಂದು, ಡೈರಿಯವನ ಅಪ್ಪನಿಂದ ಹಿಡಿದು ಅವನ ಮಾವನ ತನಕ ಎಲ್ಲರನ್ನೂ ನೆನೆದು, ತೊಳೆದಿದ್ದರೆ ಇನ್ನೊಂದ್ ದಪ ತೊಳಿ, ಎಂದಳು. ಅವನು ಗೊಣಗುತ್ತಾ ಬಾಗಿಲು ತೆಗೆದ. ಹಾಲು ಸುರಿದ ಮೇಲೆ ಖಾಲಿ ಕ್ಯಾನು ಹಿಡಿದು ಹೊರಗೆ ಬಂದವಳು, ಅಲ್ಲಿ ನಿಂತಿದ್ದ ಜೀಪನ್ನು ನೋಡಿ, ಯಾರೂ ಕರೆಯದೆಯೇ ಮುಂದಿನ ಸೀಟು ಹತ್ತಿ ಕೂತು, ಕ್ಯಾನನ್ನು ಮಡಿಲಲ್ಲಿಟ್ಟುಕೊಂಡಳು. ಶಶಿರೇಖಾ ಹಿಂದೆ ಹತ್ತಿದಳು. ಜೀಪು ಗಾಡಿದಾರಿಯಲ್ಲಿ ಕುಲುಕುತ್ತಾ ಸುತ್ತಿ ಹೊರಟಿತು. ಕಾಲೋನಿಯ ಮೊದಲ ಮನೆಯ ದೀಪ ಕಂಡಾಗ ದೇವಿರಮ್ಮ ಮುಂದೆ ನೋಡುತ್ತಲೇ ಹೇಳಿದಳು.

“ನಾಳೀಕೆ ಒತ್ತಾರೆ ಬಾ. ನೀರು ಕೊನೇ ಗದ್ದೆ ಮುಟ್ತೋ ಇಲ್ವೋ, ಇಬ್ರೂ ಓಗಿ ನೋಡ್ಕ ಬರಾನ. ಮುಟ್ಟಿಲ್ಲ ಅಂದ್ರೆ ಆ ನಿನ್ನ ಪುಟ್ಸಾಮಿಗೆ ನೀನೇ ಏಳ್ಬೇಕು.”

ಬೆಳಗಿನಿಂದ ಮೈಕಿನಲ್ಲೂ ವರಾಂಡದಲ್ಲೂ ನಾಲೆಯ ದಡದಲ್ಲೂ ಕಚೇರಿಯ ಕನ್ನಡವನ್ನೇ ಆಡಿದ್ದ ಶಶಿರೇಖಾ, ಸಿಮೆಂಟು ಒಣಗಿ ಬಿರಿದಿದ್ದ ಕೈಗಳನ್ನು ತೊಡೆಯ ಮೇಲೆ ಉಜ್ಜಿಕೊಂಡಳು.

“ಬತ್ತೀನಿ ಕಣವ್ವ,” ಎಂದಳು.